ನಾಯಿಗೆ ಸಪ್ಪೆ ಅನ್ನ, ನನಗೆ ಕೆಂಪು ಖಾರ

ಮೆಣಸಿನಕಾಯಿ ಸುಗ್ಗಿ ಬಂತೆಂದರೆ ದನದ ದವಾಖಾನೆಯವನ ಗ್ರಹಚಾರ ಶುರು. ನಿಜಾಮರ ಕಾಲದಲ್ಲಿ ಮಾನ್ವಿಯಲ್ಲಿ ಕಂಪೌಂಡರ್ ಆಗಿದ್ದ ನನಗೆ ಈ ಪಾಡು ಒಂದು ವರ್ಷವೂ ತಪ್ಪಲಿಲ್ಲ. ನಾಯಿ ಬೆಕ್ಕಿಗೆ ಖಾರ ಹಾಕಬೇಡಿ ಎಂದು ಹೇಳಿ ಹೇಳಿ ಸಾಕಾಗಿತ್ತು. ಸಾಲದ್ದಕ್ಕೆ ನನ್ನ ಹೊಟ್ಟೆಯಲ್ಲೂ ಸದಾ ಉರಿ. ಖಾರ ಕಮ್ಮಿ ಮಾಡು ಎಂದರೆ ಮನೆಯವಳು, "ಯಾಕ್ರಿ, ನೀವೇನು ಬಾಣಂತಿ ಏನು?" ಅನ್ನುತ್ತಿದ್ದಳು.

೧. ಬೆಕ್ಕಿಗಿಟ್ಟ ಹಾಲು

ಬಾಗಲವಾಡದ ಮುದುಕಿಯೊಬ್ಬಳು ಕಳ್ಳ ಬೆಕ್ಕಿಗೆ ಬುದ್ಧಿ ಬರಲೆಂದು ಹಾಲಿಗೆ ಖಾರದ ಪುಡಿ ಕಲಸಿ ಇಟ್ಟಳು. ಬೆಕ್ಕು ಮೂಸಿ ನೋಡಿ ತನ್ನ ದಾರಿ ಹಿಡಿಯಿತು. ಬಿಸಿಲಲ್ಲಿ ನಡೆದು ಬಂದ ಅಳಿಯ ಮಾತ್ರ ಮೂಸಲಿಲ್ಲ, ಗಟಗಟ ಕುಡಿದ. ಮುದುಕಿ ನನ್ನಲ್ಲಿಗೆ ಓಡಿ ಬಂದಳು.

"ಯಪ್ಪಾ, ಅಳಿಯ ಒದ್ದಾಡಾಕತ್ತಾನ, ಔಷಧ ಕೊಡು."

"ಇದು ದನದ ದವಾಖಾನಿ ಬೇ ಯವ್ವಾ."

"ಗೊತ್ತದ. ಬೆಕ್ಕು ಕುಡದಿದ್ರ ಏನ್ ಕೊಡ್ತಿದ್ದಿ? ಅದನ್ನ ಚೂರು ಜಾಸ್ತಿ ಕೊಡು."

೨. ಗಿಳಿಯ ಪಥ್ಯ

ದೇವದುರ್ಗದ ಮಾಸ್ತರರೊಬ್ಬರು ಪಂಜರ ಹಿಡಿದು ಬಂದರು. "ಗಿಣಿ ಇಡೀ ಮೆಣಸಿನಕಾಯಿ ತಿಂದದ್ರಿ. ಉಳೀತದೋ ಇಲ್ಲೋ?"

ಗಿಳಿಗೆ ಖಾರ ಹತ್ತುವುದಿಲ್ಲ ಎಂದೆ. ನಂಬಲಿಲ್ಲ. ಇನ್ನೊಂದು ಕಾಯಿ ಕೊಟ್ಟು ತೋರಿಸಿದೆ. ಗಿಳಿ ಬೀಜದ ಸಮೇತ ತಿಂದು ಮತ್ತೊಂದಕ್ಕೆ ಕೊಕ್ಕು ಚಾಚಿತು. "ಹಕ್ಕಿಗಷ್ಟೇ ನಡೀತದ್ರಿ, ನಾಯಿ ಬೆಕ್ಕಿಗೆ ಬ್ಯಾಡ" ಎಂದು ಒತ್ತಿ ಹೇಳಿ ಕಳಿಸಿದೆ.

ಸಂಜೆಯೊಳಗೆ ಸಂತೆಯ ತುಂಬ ಹಬ್ಬಿದ ಸುದ್ದಿ ಇಷ್ಟೇ: "ಕಂಪೌಂಡರ್ ಸಾಹೇಬ್ರು ತಾವೇ ಕೈಯಾರ ಖಾರ ತಿನಿಸ್ಯಾರಂತ!"

೩. ದಲಾಲರ ನಾಯಿ

ಆ ಸುದ್ದಿ ಕೇಳಿದ ಮೆಣಸಿನಕಾಯಿ ದಲಾಲರೊಬ್ಬರು, ತಮ್ಮ ಕಾವಲು ನಾಯಿ ಇನ್ನೂ ಜೋರಾಗಲಿ ಎಂದು ಅದಕ್ಕೆ ರೊಟ್ಟಿಯ ತುಂಬ ಖಾರ ಮೆತ್ತಿ ತಿನಿಸಿದರು. ನಾಯಿ ವಾಂತಿ ಮಾಡಿ ಮಾಡಿ ನೆಲ ಹಿಡಿಯಿತು. "ನಿಮ್ಮ ಮಾತು ನಂಬಿ ಹಾಕೀನ್ರಿ. ಸತ್ರ ನೀವೇ ಜವಾಬ್ದಾರಿ" ಎಂದು ಅದನ್ನು ನನ್ನ ಮನೆ ಕಟ್ಟೆಗೇ ತಂದು ಮಲಗಿಸಿದರು. ಆ ನಾಯಿಯ ಕಣ್ಣು ನೋಡಿ ಮರುಗಿ, ಅದರ ಬಾಯಿಗೆ ನೀರು ಬಿಟ್ಟೆ.

ಮನೆಯವಳು ನನಗಿಂತ ಹೆಚ್ಚು ಮರುಗಿದಳು. "ಪಾಪ, ಮೂಕ ಪ್ರಾಣಿ" ಎನ್ನುತ್ತ ಬೇರೆ ಗಡಿಗೆಯಲ್ಲಿ ಮೆತ್ತಗೆ ಅನ್ನ ಬೇಯಿಸಿ ಮಜ್ಜಿಗೆ ಕಲಸಿದಳು. ನನ್ನ ತಾಟಿಗೆ ಎಂದಿನ ಕೆಂಪು ಖಾರವೇ ಬಂತು. ಅವಳು ನೀರಿಗೆ ಹೋದಾಗ ನಾನೂ ಆ ಗಡಿಗೆಗೆ ಕೈ ಹಾಕಿದೆ. ನಾಯಿ ನೋಡಿತು, ಬೊಗಳಲಿಲ್ಲ. ದಿನವೂ ಹೀಗೇ ನಡೆಯಿತು. ನಾಯಿ ಎದ್ದು ಓಡಾಡಿತು, ನನ್ನ ಹೊಟ್ಟೆಯೂ ತಣ್ಣಗಾಯಿತು.

ಒಂದು ದಿನ ದಲಾಲರು ಬಂದರು. ನಾಯಿ ಅವರ ಮೈಮೇಲೆ ಹಾರಿ ಕುಣಿಯಿತು. "ಪೂರಾ ಆರಾಮ ಆಗ್ಯದಲ್ರಿ! ಒಯ್ತೀನಿ."

ನಾನು ನಾಯಿಯ ಕೊರಳು ಹಿಡಿದುಕೊಂಡೆ. "ಬ್ಯಾಡ್ರಿ, ಹೊಟ್ಟಿ ಇನ್ನೂ ನಾಜೂಕದ. ತಿಂಗಳಗಟ್ಲೆ ಸಪ್ಪನ ಅನ್ನಾನೇ ಆಗಬೇಕು. ಇಲ್ಲೇ ಇರಲಿ."

ಒಳಗಿನಿಂದ ಮನೆಯವಳು ಕೂಗಿ ಹೇಳಿದಳು: "ಯಾರ ಹೊಟ್ಟಿ ಅಂತನೂ ಹೇಳಿಬಿಡ್ರಿ!"