ಸಂಘದ ಆಸ್ತಿಯಾದ ಸೋರಿಕೆ

ಯುವಜನ ಸಂಘದ ನಿಯಮದಂತೆ ಪ್ರತಿಯೊಂದು ಕಸುಬನ್ನೂ ಕೈಯಾರೆ ಮಾಡಿಯೇ ಕಲಿಯತಕ್ಕದ್ದು. ಆದಕಾರಣ ಸಂಘದ ಹಿಂಬದಿಯ ಕೋಣೆಯಲ್ಲಿ ಒಂದು ನಲ್ಲಿ ಹಲವು ವರ್ಷಗಳಿಂದ ಸೋರುತ್ತಿತ್ತು.

ಕೆಳಗೊಂದು ಹಸಿರು ಬಕೆಟ್ಟು, ಮೇಲೊಂದು ಫಲಕ: 'ಕಲಿಕಾ ಸಾಧನ. ಮುಟ್ಟಬಾರದು.' ಸದಸ್ಯರು ಸರದಿಯಂತೆ ಸ್ಪ್ಯಾನರ್ ಹಿಡಿದು ನಿಲ್ಲುತ್ತಿದ್ದರು. ಕಾರ್ಯದರ್ಶಿ ಫೋಟೊ ತೆಗೆದ ಮೇಲೆ ಸ್ಪ್ಯಾನರ್ ಮುಂದಿನವರ ಕೈಗೆ ಹೋಗುತ್ತಿತ್ತು.

ದರ್ಜಿಯ ಮಗಳಿಗೆ ಸಂಘದ ಈ ನಲ್ಲಿ ರಿಪೇರಿ ಶಿಬಿರದ ಪ್ರಮಾಣಪತ್ರ ಬೇಕೇ ಬೇಕಿತ್ತು. ಅದಿಲ್ಲದೆ ನೀರು ಸರಬರಾಜು ಕಚೇರಿಯವರು ಕೆಲಸ ಕೊಡುವುದಿಲ್ಲ ಎಂದಿದ್ದರು. ಅವಳ ಸರದಿ ಬಂದಾಗಲೇ ಕಾರ್ಯದರ್ಶಿಯ ಫೋನು ಕೈಕೊಟ್ಟಿತು. ಅವರು ಚಾರ್ಜರ್ ಹುಡುಕಿಕೊಂಡು ಹೋದರು. ನಿಂತೂ ನಿಂತೂ ಬೇಜಾರಾಗಿ ಅವಳು ವಾಲ್ವ್ ಮುಚ್ಚಿ, ನಲ್ಲಿ ಬಿಚ್ಚಿ, ಚೀಲದಲ್ಲಿದ್ದ ಕತ್ತರಿಯಿಂದ ತನ್ನ ಚಪ್ಪಲಿಯ ರಬ್ಬರನ್ನು ಬಟ್ಟೆಯಂತೆ ದುಂಡಗೆ ಕತ್ತರಿಸಿ ವಾಷರ್ ಮಾಡಿ ಕೂರಿಸಿಬಿಟ್ಟಳು.

ಸೋರುವುದು ನಿಂತಿತು. ಆ ನಿಶ್ಶಬ್ದ ಕೇಳಿ ಅಧ್ಯಕ್ಷರು ಓಡಿಬಂದರು.

"ಏನಮ್ಮ ಮಾಡ್ದೆ?"

"ರಿಪೇರಿ ಸರ್."

"ನಿನ್ಗ್ಯಾರು ಹೇಳಿದ್ದು? ನಾಳೆ ಈ ಸೋರೋ ನಲ್ಲಿ ನೋಡೋಕೆ ಅನುದಾನದವರು ಬರ್ತಾರೆ. ಅವರಿಗೇನು ನಿನ್ನ ಚಪ್ಪಲಿ ತೋರಿಸ್ಲಾ?"

"ಕಲಿಯೋಕೆ ಬಂದವಳು ಕಲಿತೇ ಬಿಟ್ರೆ ಮುಂದಿನ ತಂಡದ ಗತಿ ಏನು ತಾಯಿ?" ಎಂದು ಚಾರ್ಜರ್ ಹಿಡಿದು ಬಂದ ಕಾರ್ಯದರ್ಶಿ ನೊಂದುಕೊಂಡರು.

ತುರ್ತು ಸಭೆ ಸೇರಿ ನಿರ್ಣಯ ಅಂಗೀಕರಿಸಿತು: 'ಸಂಘದ ಆಸ್ತಿಯಾದ ಸೋರಿಕೆಯನ್ನು ನಾಶಪಡಿಸಿದ ಸದಸ್ಯೆಯು ಅದನ್ನು ಯಥಾಸ್ಥಿತಿಗೆ ತರತಕ್ಕದ್ದು. ತಪ್ಪಿದಲ್ಲಿ ಪ್ರಮಾಣಪತ್ರ ತಡೆಹಿಡಿಯಲಾಗುವುದು.'

ಅವಳು ಮತ್ತೆ ನಲ್ಲಿ ಬಿಚ್ಚಿ, ಕತ್ತರಿ ತೆಗೆದು ವಾಷರಿನ ಅಂಚನ್ನು ಸವರಿ ಕೂರಿಸಿದಳು. ಅಧ್ಯಕ್ಷರು ಕಣ್ಣು ಮುಚ್ಚಿ ಆಲಿಸಿದರು.

"ಜಾಸ್ತಿ ಆಯ್ತು. ಸ್ವಲ್ಪ ತಡೆದು ತಡೆದು ಬರ್ಲಿ."

ಇನ್ನೊಂದು ವಾಷರ್ ಕತ್ತರಿಸಿದಳು.

"ಹಾಂ, ಇದೇ. ಮೊದಲಿಗಿಂತ ಚೆನ್ನಾಗಿದೆ ಕಣಮ್ಮ."

ಅನುದಾನದವರು ಬಂದು ಬಕೆಟ್ಟು ನೋಡಿ ತೃಪ್ತರಾದರು. ಅವಳಿಗೆ 'ಸೋರಿಕೆ ನಿರ್ವಹಣೆ, ಪ್ರಥಮ ದರ್ಜೆ' ಎಂಬ ಪ್ರಮಾಣಪತ್ರ ಸಿಕ್ಕಿತು. ಒಂದು ಚಪ್ಪಲಿ ಹೋಯಿತು, ಕೆಲಸ ಬಂತು.

ಮೊದಲ ದಿನವೇ ನೀರಿನ ಕಚೇರಿಯ ಮೇಲಧಿಕಾರಿ ಅವಳನ್ನು ಒಂದು ದೊಡ್ಡ ಕೊಳವೆಯ ಮುಂದೆ ನಿಲ್ಲಿಸಿದರು. ಅದರ ಕೀಲಿನಿಂದ ನೀರು ಜಿನುಗುತ್ತಿತ್ತು. ಕೆಳಗೊಂದು ಹಸಿರು ಬಕೆಟ್ಟಿತ್ತು.

ಅವಳು ಕತ್ತರಿ ತೆಗೆದು ಕೇಳಿದಳು, "ಎಷ್ಟು ಸೋರಬೇಕು ಸರ್?"

ಮೇಲಧಿಕಾರಿ ಉಳಿದ ನೌಕರರ ಕಡೆ ತಿರುಗಿದರು. "ನೋಡಿ ಕಲೀರಿ. ತರಬೇತಿ ಅಂದ್ರೆ ಇದು."