ಮಂದಿ ಲೆಕ್ಕ, ಮಾರಿ ಲೆಕ್ಕ

ವಿಜಾಪುರದಂಥ ಊರಲ್ಲಿದ್ದುಕೊಂಡು ಬಿಸಿಲನ್ನು ನಂಬದ ಮನುಷ್ಯ ಯಾರಾದರೂ ಇದ್ದರೆ ಅದು ಅಪ್ಪನ ತಮ್ಮ, ನಮ್ಮ ಕಾಕಾ ಒಬ್ಬರೇ! ನೆತ್ತಿ ಕಾದು ಹಂಚಾಗಿದ್ದರೂ ಕ್ಯಾಮರಾ ಕಣ್ಣಿಗಿಟ್ಟು, "ತಡೀರಿ, ಬೆಳಕ ಎಷ್ಟೈತಿ ನೋಡೂಣು" ಎನ್ನುತ್ತಿದ್ದರು. ಎಪ್ಪತ್ತರ ದಶಕದ ನಮ್ಮೂರಲ್ಲಿ ಬೆಳಕೊಂದು ಬಿಟ್ಟು ಬೇರೆ ಏನು ಧಾರಾಳವಾಗಿತ್ತು ಹೇಳಿ?

ಮುಂಬೈಯ ಗೆಳೆಯನೊಬ್ಬ ಕೊಟ್ಟಿದ್ದ ಆ ಕ್ಯಾಮರಾದಲ್ಲಿ ಬೆಳಕು ಅಳೆಯುವ ಮುಳ್ಳಿತ್ತು, ಪಕ್ಕದಲ್ಲೊಂದು ಸಣ್ಣ ಗುಂಡಿ. ಗುಂಡಿ ಒಂದು ಕಡೆಗಿದ್ದರೆ ಮುಳ್ಳು ಎದುರಿಗಿರುವ ಎಲ್ಲದರ ಬೆಳಕನ್ನೂ ಕೂಡಿಸಿ ಸರಾಸರಿ ಹೇಳುತ್ತಿತ್ತು. ಇನ್ನೊಂದು ಕಡೆಗೆ ಸರಿಸಿದರೆ ನಟ್ಟನಡುವಿನ ಚೂರು ಜಾಗವನ್ನಷ್ಟೇ ಅಳೆಯುತ್ತಿತ್ತು. ಮೊದಲನೆಯದಕ್ಕೆ ‘ಮಂದಿ ಲೆಕ್ಕ’, ಎರಡನೆಯದಕ್ಕೆ ‘ಮಾರಿ ಲೆಕ್ಕ’ ಎಂದು ಕಾಕಾ ನಾಮಕರಣ ಮಾಡಿದ್ದರು. ನಮ್ಮ ಕಡೆ ಮಾರಿ ಎಂದರೆ ಮುಖ, ನೀವು ಗಾಬರಿಯಾಗಬೇಡಿ. ಯಾವ ಲೆಕ್ಕ ಹಿಡಿಯಬೇಕು ಎಂಬುದೇ ಅವರ ಜನ್ಮದ ಚಿಂತೆಯಾಗಿತ್ತು.

ಒಮ್ಮೆ ಬಿಜ್ಜರಗಿಯ ಹತ್ತಿರ ಕರಿ ಕಂಬಳಿ ಹೊದ್ದ ಕುರಿಗಾರನೊಬ್ಬನನ್ನು ನಿಲ್ಲಿಸಿದರು. ಹಿಂದೆ ಬೆಳ್ಳನೆಯ ಆಕಾಶ. ಮಂದಿ ಲೆಕ್ಕ ಹಿಡಿದರೆ ಆಕಾಶ ಚಂದ, ಅವನು ಮಸಿ. ಮಾರಿ ಲೆಕ್ಕ ಹಿಡಿದರೆ ಅವನು ಚಂದ, ಆಕಾಶ ಸುಣ್ಣ. ಗುಂಡಿ ಆ ಕಡೆ ಈ ಕಡೆ ಸರಿಯುತ್ತಲೇ ಇತ್ತು.

"ಯಪ್ಪಾ, ನಿಮ್ಮ ಲೆಕ್ಕಾ ಮುಗಿಯೂದ್ರಾಗ ನನ್ನ ಕುರಿ ತಿಕೋಟಾ ಮುಟ್ಟತಾವು. ನಾ ಹೊಂಟ್ನಿ" ಎಂದು ಅವನು ತಿರುಗಿದ. ಫೋಟೋದಲ್ಲಿ ಬಂದದ್ದು ಅವನ ಬೆನ್ನು. ಬೆನ್ನಿನ ಬೆಳಕು ಮಾತ್ರ ಬರೊಬ್ಬರಿ ಇತ್ತು.

ಇಂಥವರನ್ನು ಕಟ್ಟಿಕೊಂಡ ಕಾಕುಗೆ ಫೋಟೋ ಎಂದರೆ ಆಗುತ್ತಿರಲಿಲ್ಲ. ಅವರದು ಎಣ್ಣೆಗಪ್ಪು ಬಣ್ಣ. ಹಿರಿಯರೆಲ್ಲ ನಿಂತ ಫೋಟೋಕ್ಕೆ ಮಂದಿ ಲೆಕ್ಕವೇ ಮರ್ಯಾದೆ. ಹಾಗಾಗಿ ಸುಣ್ಣದ ಗೋಡೆ, ಬಿಳಿ ಟೊಪ್ಪಿಗೆಗಳ ನಡುವೆ ಕಾಕು ಪ್ರತಿ ಸಲವೂ ಸೆರಗಿನೊಳಗಿನ ಮಸಿಯಾಗಿ ಬರುತ್ತಿದ್ದರು. "ಫೋಟೋದಾಗ ನನ್ನ ಸೀರಿ ಅಷ್ಟ ಬರ್ತೈತಿ. ಅದನ್ನ ಹಗ್ಗದ ಮ್ಯಾಲ ಹಾಕಿ ತಗೀರಿ" ಎಂದು ನಗುತ್ತಿದ್ದರು. ಬರಬರುತ್ತ ಕ್ಯಾಮರಾ ಕಂಡರೆ ಸಾಕು, ಒಲೆ ನೋಡುವ ನೆವ ಹೇಳಿ ಒಳಗೆ ಹೋಗತೊಡಗಿದರು. ಕಾಕಾಗೆ ಅದು ಬಹಳ ನೋಯುತ್ತಿತ್ತು.

ಬಬಲೇಶ್ವರದಲ್ಲಿ ನಮ್ಮ ಅಕ್ಕನ ಮದುವೆಯಾಯಿತು. ಉರಿಬಿಸಿಲಲ್ಲಿ ಬೀಗರೆಲ್ಲ ಬೆಳ್ಳಗೆ ಇಸ್ತ್ರಿಯಾಗಿ ಸಾಲಾಗಿ ನಿಂತರು. ರೀಲಿನಲ್ಲಿ ಉಳಿದದ್ದು ಒಂದೇ ಫೋಟೋ. ಕಾಕಾ ಅಡುಗೆಮನೆಗೆ ಹೋಗಿ ಕಾಕುನ ಕೈ ಹಿಡಿದು ತಂದು, ಮದುಮಗಳ ಪಕ್ಕ ನಿಲ್ಲಿಸಿದರು. ಕ್ಯಾಮರಾವನ್ನು ಅವರ ಮುಖದ ಹತ್ತಿರಕ್ಕೇ ಒಯ್ದು ಅಳತೆ ತೆಗೆದರು.

"ಏನ್ರಿ, ಒಬ್ಬರದ ಅಳದ್ರ ನಮ್ಮ ಗತಿ ಏನ?" ಎಂದರು ಹಿರಿಯ ಬೀಗರು.

"ನೀವು ದಿನಾ ಬರ್ತೀರಿ, ಬಿಡ್ರಿ" ಎಂದು ಕಾಕಾ ಹಿಂದೆ ಸರಿದು, ಕಾಕುಗೆ ಹೇಳಿದರು: "ನಗು. ಈ ಸಲ ನೀ ಬರ್ತಿ."

ಫೋಟೋ ತೊಳೆದು ಬಂದಾಗ ಮನೆಯಲ್ಲಿ ರಂಪ! ಬೀಗರೆಲ್ಲ ಹಿಟ್ಟಿನ ಗಿರಣಿಯಿಂದ ಎದ್ದು ಬಂದಂತಿದ್ದರು. ಮದುಮಗನಿಗೆ ಮೀಸೆ ಇತ್ತು, ಮುಖ ಇರಲಿಲ್ಲ. "ಲೇ, ಬೀಗರಿಗೆ ಇದನ್ನ ಹೆಂಗ ತೋರಸ್ಲಿ?" ಎಂದು ಅಪ್ಪ ತಮ್ಮನ ಮೇಲೆ ಹರಿಹಾಯ್ದರು. ಕಾಕಾ ಫೋಟೋವನ್ನು ಒಳಗೆ ಒಯ್ದು ಕಾಕುಗೆ ಕೊಟ್ಟರು.

ಕಾಕು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ನೋಡಿದರು. ಆ ಬೆಳ್ಳನೆಯ ಗುಂಪಿನಲ್ಲಿ ಅವರೊಬ್ಬರೇ ಸ್ಪಷ್ಟವಾಗಿದ್ದರು: ಕೆನ್ನೆ, ಮೂಗುಬೊಟ್ಟು, ನಕ್ಕಾಗ ತುಸು ಓರೆಯಾಗುವ ತುಟಿ. ಶಾಲೆಗೆ ಹೋಗುವ ವಯಸ್ಸಿನಲ್ಲೇ ಅವರು ತಾಯಿಯನ್ನು ಕಳೆದುಕೊಂಡಿದ್ದರು. ಆ ತಾಯಿಯದು ಒಂದು ಫೋಟೋ ಕೂಡ ಇರಲಿಲ್ಲ.

"ಕನ್ನಡಿ ಮುಂದ ನಕ್ಕೊಂತ ಯಾರ ನಿಂದರ್ತಾರ್ರಿ" ಎಂದರು ಮೆಲ್ಲಗೆ. "ನಾ ನಕ್ರ ನಮ್ಮವ್ವನಂಗ ಕಾಣ್ತೇನಿ ಅಂತ ನನಗ ಗೊತ್ತ ಇರಲಿಲ್ಲ."