ಪಾಂಡಿಚೇರಿಯಲ್ಲಿ ನಾನು ಬಾಗಿಲು ತೊಳೆದದ್ದು

ನೆನೆದ ಅವರೆಕಾಳು ಹಿತಕುವ ಕೆಲಸದಲ್ಲಿ ಒಂದು ತೊಂದರೆ ಇದೆ. ಕೈಗೆ ಕೆಲಸ ಸಿಗುತ್ತದೆ, ತಲೆಗೆ ಸಿಗುವುದಿಲ್ಲ. ನನ್ನಂಥವಳ ತಲೆ ಖಾಲಿ ಇದ್ದರೆ ಸುಮ್ಮನೆ ಕೂರುವ ಜಾತಿಯಲ್ಲ. ಯಾವುದಾದರೂ ಚಿಂತೆ ಹುಡುಕಿಕೊಂಡು ಹೊರಟುಬಿಡುತ್ತದೆ. ದೇವರ ಮನೆಯ ದೀಪದ ಪಕ್ಕ ಪರದೆ ಇದೆಯಲ್ಲ, ಗಾಳಿ ಬಂದರೆ? ತಾರಸಿ ಮೇಲಿನ ಟ್ಯಾಂಕಿನ ಮುಚ್ಚಳ ಹಾಕಿದೆನೇ? ಆವತ್ತು ಮಾತ್ರ ಹುಡುಕುವ ಶ್ರಮ ಬೇಕಾಗಲಿಲ್ಲ. ಗುಮ್ಮಳಾಪುರದಲ್ಲಿರುವ ನನ್ನ ನಾದಿನಿ ರತ್ನ ಫೋನು ಮಾಡಿ, ಒಂದು ಚಿಂತೆಯನ್ನು ಹೊಸೂರು ಹತ್ತಿರದ ಅವಲಪಲ್ಲಿಯ ನಮ್ಮ ಮನೆ ಬಾಗಿಲಿಗೇ ತಂದುಕೊಟ್ಟಳು.

"ಅತ್ತಿಗೆ, ಭವ್ಯನ ಸ್ಟೇಟಸ್ ನೋಡುದ್ರಾ?"

"ಇಲ್ಲ ಕಣೆ, ಕೈಯೆಲ್ಲ ಅವರೆಕಾಳು."

"ಹಂಗಾರೆ ನೋಡ್ಬೇಡಿ ಬುಡಿ. ನೋಡುದ್ರೆ ನಿಮ್ಗೆ ಬಿಪಿ ಬತ್ತದೆ."

ನೋಡಬೇಡಿ ಎಂದ ಮೇಲೆ ಕೈ ತೊಳೆಯುವಷ್ಟು ತಾಳ್ಮೆ ಯಾರಿಗಿರುತ್ತದೆ? ಅವರೆ ಸೊಗಡಿನ ಬೆರಳಿನಲ್ಲೇ ಫೋನು ಒತ್ತಿದೆ. ಸಮುದ್ರದ ದಡದ ಕಪ್ಪು ಬಂಡೆಗಳ ಮೇಲೆ ನಾಲ್ಕೈದು ಜನ ಕೂತಿದ್ದರು. ಒಬ್ಬನ ಕೈಯಲ್ಲಿ ಗಿಟಾರು. ಒಬ್ಬ ಹುಡುಗಿಗೆ ಮೂಗಿನ ಎರಡು ಹೊಳ್ಳೆಗಳ ನಡುವೆ ಉಂಗುರ, ನಮ್ಮಪ್ಪ ಹೋರಿಗೆ ಹಾಕಿಸುತ್ತಿದ್ದರಲ್ಲ, ಅದೇ ಜಾಗದಲ್ಲಿ. ನಡುವೆ ಕಿವಿಯ ತನಕ ಕೂದಲು ಕತ್ತರಿಸಿಕೊಂಡು ಹಲ್ಲು ಬಿಡುತ್ತಿದ್ದವಳು ಯಾರೋ ಎಂದುಕೊಂಡೆ. ಆಮೇಲೆ ನೋಡಿದರೆ ಅವಳು ನನ್ನ ಮಗಳು! ಇಪ್ಪತ್ತೆರಡು ವರ್ಷ ಹರಳೆಣ್ಣೆ ಹಚ್ಚಿ ಬೆಳೆಸಿದ ಕೂದಲು. ತಿಮ್ಮಪ್ಪನಿಗಾದರೂ ಕೊಟ್ಟಿದ್ದರೆ ಒಂದು ಹರಕೆಯ ಲೆಕ್ಕಕ್ಕೆ ಬರುತ್ತಿತ್ತು. ಯಾವುದೋ ಸಲೂನಿನ ಕಸದ ಬುಟ್ಟಿಗೆ ಕೊಟ್ಟು ಬಂದಿದ್ದಾಳೆ.

ಭವ್ಯ ನಮ್ಮ ಒಬ್ಬಳೇ ಮಗಳು. ಪಾಂಡಿಚೇರಿಯಲ್ಲಿ ಚಿತ್ರಕಲೆ ಓದುತ್ತಿದ್ದಾಳೆ. ಅಲ್ಲಿ ಯೂನಿವರ್ಸಿಟಿ ಇದೆ, ಸಮುದ್ರ ಇದೆ, ದೇಶದ ಮೂಲೆಮೂಲೆಯಿಂದ ಬಂದು ಗೋಡೆಗಳ ಮೇಲೆ ಬಣ್ಣ ಬಳಿಯುವ ಮಕ್ಕಳಿದ್ದಾರೆ. ಆದರೆ ಪಾಂಡಿ ಎಂದರೆ ನಮ್ಮ ಕಡೆಯ ಗಂಡಸರಿಗೆ ನೆನಪಾಗುವುದು ಒಂದೇ, ಅದು ಬಾಟಲಿಯಲ್ಲಿ ಸಿಗುತ್ತದೆ. ಹೀಗಾಗಿ ಮಗಳು ಅಲ್ಲಿ ಓದುತ್ತಾಳೆಂದು ಫ್ಯಾಕ್ಟರಿಯಲ್ಲಿ ಹೇಳಿಕೊಳ್ಳಲು ನಮ್ಮ ಯಜಮಾನರಿಗೆ ಮೊದಲಿಂದಲೂ ಸಂಕೋಚ. ಫೋಟೋ ನೋಡಿ ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ, "ನಂಗೆ ಈ ವಾರ ಶಿಫ್ಟು ಬುಡಂಗಿಲ್ಲ. ನೀನೇ ಹೋಗಿ ಕಣ್ಣಾರೆ ನೋಡ್ಕೊಂಡು ಬಾ ಸಾವಿತ್ರಿ. ಸರಿ ಅನ್ನುಸುದ್ರೆ ಓದ್ಲಿ. ಇಲ್ಲಾಂದ್ರೆ ನಿನ್ನ ಜತೇಲೇ ಕರ್ಕೊಂಡು ಬಂದ್ಬುಡು, ಹೊಸೂರಲ್ಲೇ ಏನಾರ ಓದ್ಕೊಳ್ಳಲಿ. ನೀನು ಹೇಳಿದ್ದೇ ಕೊನೆ," ಎಂದು ಹೊರಟುಬಿಟ್ಟರು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಹೇಳಿದ್ದು ಕೊನೆಯಾದದ್ದು ಅದೇ ಮೊದಲು. ಅದೂ ಇಂಥ ವಿಷಯಕ್ಕೆ ಆಗಬೇಕೆ?

ಬರುತ್ತೇನೆಂದು ಫೋನು ಮಾಡಿದರೆ ಮಗಳಿಗೆ ಹಿಡಿಸಲಾರದ ಸಂತೋಷ. ಅರ್ಧ ಗಂಟೆಯಲ್ಲಿ ಪಾಂಡಿಯಲ್ಲಿ ನಾನು ನೋಡಬೇಕಾದ, ಮಾಡಬೇಕಾದ ಸಂಗತಿಗಳ ಪಟ್ಟಿಯೇ ಬಂತು. ಸೂರ್ಯ ಹುಟ್ಟುವುದನ್ನು ಬಂಡೆ ಮೇಲೆ ಕೂತು ನೋಡುವುದು, ಬಾಡಿಗೆ ಸೈಕಲ್ಲಿನಲ್ಲಿ ಹಳದಿ ಗೋಡೆಯ ಬೀದಿಗಳನ್ನು ಸುತ್ತುವುದು (ನಾನು! ಸೈಕಲ್ಲಿನಲ್ಲಿ!), ಹಳೇ ಪುಸ್ತಕದ ಅಂಗಡಿ, ಕಾಫಿ ಕುಡಿಯುತ್ತಾ ಕವಿತೆ ಓದುವವರ ಮನೆ, ಗಣಪತಿ ದೇವಸ್ಥಾನ. ಗಣಪತಿಯನ್ನು ನನ್ನ ಬಾಯಿ ಮುಚ್ಚಿಸಲು ಸೇರಿಸಿದ್ದಾಳೆಂದು ಗೊತ್ತಾಯಿತು, ಆದರೂ ಸೇರಿಸಿದಳಲ್ಲ ಎಂದು ಕೈ ಮುಗಿದೆ. ನಾನು ಮತ್ತೆ ಮತ್ತೆ ಓದಿದ್ದು ಕೊನೆಯ ಸಾಲು: "ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಒಂದು ತೋರಿಸ್ತೀನಿ. ಏನು ಅಂತ ಈಗ ಹೇಳಲ್ಲ."

ಹೇಳದೆ ತೋರಿಸುವಂಥದ್ದು ಏನಿರುತ್ತದೆ? ಹೆತ್ತವಳ ತಲೆಗೆ ಬರುವುದು ಒಂದೇ. ಗಿಟಾರಿನವನು! ಕೃಷ್ಣಗಿರಿಯಲ್ಲಿ ಬಸ್ಸು ಬದಲಿಸುವಾಗ ಅವನು ನನ್ನ ತಲೆಯೊಳಗೆ ಬರೀ ಅಳಿಯನಾಗಿದ್ದ; ತಿರುವಣ್ಣಾಮಲೆ ತಲುಪುವಷ್ಟರಲ್ಲಿ ಕೆಲಸವಿಲ್ಲದ ಅಳಿಯನಾಗಿದ್ದ. ಬಸ್ಸಿನ ಕಿಟಕಿಯಿಂದಲೇ ಅರುಣಾಚಲನ ಬೆಟ್ಟಕ್ಕೆ ಕೈ ಮುಗಿದು, "ಒಂಬತ್ತು ಗಂಟೆ ಸುಸೂತ್ರವಾಗಿ ಕಳೀಲಪ್ಪಾ," ಎಂದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು, ವಾಂತಿ ಆಗಲಿಲ್ಲ, ನಿಪ್ಪಟ್ಟಿನ ಡಬ್ಬಿಯ ಮೇಲೆ ಯಾರೂ ಕೂರಲಿಲ್ಲ. ದೇವರು ಕೊಡುವಷ್ಟು ಕೊಡುತ್ತಲೇ ಇದ್ದ.

ಸಂಜೆ ಹೊತ್ತಿಗೆ ಮಗಳ ಮನೆ ತಲುಪಿದೆ. ಒಬ್ಬ ತಮಿಳು ಅಜ್ಜಿಯ ಮನೆಯ ಮುಂದಿನ ಎರಡು ಕೋಣೆ; ಭವ್ಯ ಮತ್ತು ಆ ಮೂಗುದಾರದ ಹುಡುಗಿ ರೀನಾ ಸೇರಿ ಬಾಡಿಗೆಗಿದ್ದಾರೆ. ರೀನಾ ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಮೂಗಿಗೆ ನೋವಾಗುತ್ತದೇನೋ ಎಂದು ನನಗೇ ಗಾಬರಿ. ಬಾಗಿಲ ಮುಂದಿನ ರಸ್ತೆಯ ಮೇಲೆ ನೀಲಿ ಟಾರ್ಪಾಲು ಹಾಸಿ, ಸುತ್ತ ಕಲ್ಲು ಹೇರಿದ್ದರು. "ಅದರ ಮೇಲೆ ಕಾಲಿಡಬೇಡಮ್ಮಾ, ಕೆಲಸ ನಡೀತಿದೆ," ಎಂದಳು ಭವ್ಯ. ಮೋರಿ ರಿಪೇರಿ ಎಂದುಕೊಂಡೆ. ಒಳಗೆ ಮಗಳು ಬಡಕಲಾಗಿರಲಿಲ್ಲ, ಮೂಲೆಯಲ್ಲಿ ನಾನು ಕೊಟ್ಟ ದೇವರ ಫೋಟೋ ಇತ್ತು, ಅದರ ಮುಂದೆ ಬತ್ತಿಯೂ ಇತ್ತು. ಬತ್ತಿ ಹೊಸದಾಗಿತ್ತು, ನಾನು ಬರುವ ಸುದ್ದಿಯಷ್ಟೇ ಹೊಸದು. ಇರಲಿ.

ಬೆಳಿಗ್ಗೆ ಐದಕ್ಕೇ ಎಚ್ಚರವಾಯಿತು. ಹುಡುಗಿಯರು ಸತ್ತವರಂತೆ ಮಲಗಿದ್ದರು. ಒಂಬತ್ತು ಗಂಟೆಯ ಭಯಕ್ಕೆ ಕೂತಲ್ಲಿ ಕೂರಲಾಗದೆ ಬಾಗಿಲು ತೆಗೆದೆ. ಟಾರ್ಪಾಲು ಸಮುದ್ರದ ಗಾಳಿಗೆ ಹಾರಿ ಕಾಂಪೌಂಡಿಗೆ ಅಂಟಿಕೊಂಡಿತ್ತು. ರಸ್ತೆಯ ಮೇಲೆ ಕಂಡದ್ದನ್ನು ನೋಡಿ ಹೊರಗಿಟ್ಟ ಕಾಲು ಹಿಂದಕ್ಕೆ ತೆಗೆದೆ. ಮೊರದಷ್ಟು ದೊಡ್ಡ ಒಂದು ಕಣ್ಣು. ಇನ್ನೊಂದು ಕಣ್ಣು ಮೂರು ಮಾರು ಆಚೆ. ನಡುವೆ ಒಂದು ಕತ್ತರಿಸಿದ ಪಾದ, ಚೆಲ್ಲಾಡಿದ ಕೆಂಪು, ಬೇವಿನೆಲೆಯಂಥದ್ದು ಏನೋ. ನಮ್ಮ ಕಡೆ ಬೆಳಗಾಗುತ್ತಲೇ ಹೊಸಿಲ ಮುಂದೆ ಇಂಥದ್ದು ಕಂಡರೆ ಯಾರೂ ಚಿತ್ರ ಎನ್ನುವುದಿಲ್ಲ, ಮಾಟ ಎನ್ನುತ್ತಾರೆ. ನನಗೆ ಎಲ್ಲವೂ ಅರ್ಥವಾಯಿತು. ಕೂದಲು ಕತ್ತರಿಸಿದ್ದು ಸುಮ್ಮನೆ ಅಲ್ಲ. ಮಗಳಿಗೆ ಯಾರೋ ಮಾಡಿಸಿದ್ದಾರೆ!

ಆಮೇಲೆ ನಾನು ಯೋಚನೆ ಮಾಡಲಿಲ್ಲ, ಕೆಲಸ ಮಾಡಿದೆ. ಐದು ಬಕೆಟ್ ನೀರಿಗೆ ಅರಿಶಿನ ಕದಡಿ, ದೇವಿಯ ಹೆಸರು ಹೇಳುತ್ತಾ ಪೊರಕೆಯಲ್ಲಿ ತಿಕ್ಕಿ ತಿಕ್ಕಿ ತೊಳೆದೆ. ಕಣ್ಣು ಮೋರಿಗೆ ಹರಿಯಿತು, ಪಾದ ಅದರ ಹಿಂದೆಯೇ ಹೋಯಿತು. ಅಡುಗೆಮನೆಯಲ್ಲಿ ಸಿಕ್ಕ ಅಕ್ಕಿಹಿಟ್ಟಿನಲ್ಲಿ ಹದಿನೈದು ಚುಕ್ಕಿಯ ರಂಗೋಲಿ ಎಳೆದೆ. ಎರಡು ದಿನದಲ್ಲಿ ಮೊದಲ ಸಲ ನನ್ನ ಉಸಿರು ಸರಾಗವಾಯಿತು.

ಅಜ್ಜಿ ಹಾಲಿನ ಪಾತ್ರೆ ಹಿಡಿದು ಹೊರಗೆ ಬಂದವರು ಅಲ್ಲೇ ನಿಂತುಬಿಟ್ಟರು. "ಅಯ್ಯಯ್ಯೋ, ಎನ್ನಮ್ಮಾ ಪಣ್ಣಿಟ್ಟೀಂಗ!" ಏನು ಮಾಡಿಬಿಟ್ಟಿರಿ ಎಂದು ಅವರು ಕೇಳಿದ ದನಿಗೆ ಹುಡುಗಿಯರಿಬ್ಬರೂ ಎದ್ದು ಓಡಿಬಂದರು. ರೀನಾ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಭವ್ಯ ನನ್ನನ್ನು ನೋಡಿದಳು, ಪೊರಕೆ ನೋಡಿದಳು, ಮೆಟ್ಟಿಲ ಮೇಲೆ ಕೂತಳು.

"ಅಮ್ಮಾ, ಅದು ನನ್ನ ಪರೀಕ್ಷೆ. ಒಂಬತ್ತಕ್ಕೆ ಮೇಡಂ ಬಂದು ನೋಡಿ ಮಾರ್ಕ್ಸ್ ಹಾಕೋದಿತ್ತು. ನಾಲ್ಕು ದಿನದ ಕೆಲಸ."

"ಅದೇನೋ ಕಣ್ಣು, ಕಾಲು, ರಕ್ತ... ನಾನು ಏನೋ ಅಂದ್ಕೊಂಡೆ ಕಣೇ."

"ರಕ್ತ ಅಲ್ಲಮ್ಮಾ, ಕುಂಕುಮ. ಅದು ನಮ್ಮೂರ ಮಾರಮ್ಮ, ಬಿಡಿಬಿಡಿಯಾಗಿ ಬರೆದದ್ದು. ನೀನು ನೋಡ್ಲಿ ಅಂತಾನೇ ನೀನು ಬರೋ ದಿನಕ್ಕೆ ಮುಗಿಸಿದ್ದೆ."

ನೆಲ ಬಿರಿಯಬಾರದೇ ಎನ್ನಿಸಿತು. ಮಗಳ ಪರೀಕ್ಷೆಯೂ ಹೋಯಿತು, ಮಾರಮ್ಮನೂ ಮೋರಿಗೆ ಹೋದಳು, ಎರಡೂ ನನ್ನ ಕೈಯಿಂದಲೇ. ಅರಿಶಿನದ ನೀರಿನಲ್ಲೇ ತಾನೇ ತೊಳೆದದ್ದು, ಅಭಿಷೇಕ ಅಂತ ತಿಳ್ಕೋ ತಾಯಿ ಎಂದು ಅಲ್ಲೇ ಕೆನ್ನೆ ಕೆನ್ನೆ ಬಡಿದುಕೊಂಡೆ.

ಒಂಬತ್ತಕ್ಕೆ ಕೈಮಗ್ಗದ ಸೀರೆಯ, ದಪ್ಪ ಕನ್ನಡಕದ ಮೇಡಂ ಬಂದರು. ಭವ್ಯ ಮಳೆ ಬಂತು ಎನ್ನಬಹುದಿತ್ತು, ಕಾರ್ಪೊರೇಷನ್ನಿನವರು ತೊಳೆದರು ಎನ್ನಬಹುದಿತ್ತು. ನಾನಾಗಿದ್ದರೆ ಎರಡನ್ನೂ ಹೇಳುತ್ತಿದ್ದೆ. ಅವಳು ನನ್ನ ಪಕ್ಕಕ್ಕೆ ಬಂದು ನಿಂತು, "ಇವರು ನಮ್ಮಮ್ಮ ಮೇಡಂ. ನನಗೆ ಕೆಟ್ಟದಾಗುತ್ತೆ ಅಂತ ಹೆದರಿ ಒರೆಸಿಬಿಟ್ಟರು. ಮುಚ್ಚಿಟ್ಟದ್ದು ನನ್ನದೇ ತಪ್ಪು," ಎಂದಳು. ಆ ಮಾತು ಕೇಳಿ ನನಗೆ ಅಳು ಬಂತು. ಮೇಡಂ ಫೋನಿನಲ್ಲಿದ್ದ ಫೋಟೋ ನೋಡಿದರು, ಫೋಟೋಗೆ ಮಾರ್ಕ್ಸ್ ಹಾಕಲು ಬರುವುದಿಲ್ಲ ಎಂದರು, ನಾನು ಕೈ ಮುಗಿದು ನಿಂತದ್ದನ್ನು ನೋಡಿ, "ಸೋಮವಾರ ಬೆಳಿಗ್ಗೆ ಬರ್ತೀನಿ. ಅಷ್ಟರಲ್ಲಿ ಚಿತ್ರ ಮತ್ತೆ ಬರಿ," ಎಂದು ಹೊರಟರು. ನನ್ನ ರಂಗೋಲಿಯನ್ನು ಹೊಗಳಲಿಲ್ಲ. ಅದನ್ನು ತುಳಿದುಕೊಂಡೇ ಹೋದರು.

ನಾಲ್ಕು ದಿನದ ಕೆಲಸ ಎರಡೇ ದಿನದಲ್ಲಿ ಆಗಬೇಕು. ನಾನು ಸೀರೆ ಎತ್ತಿ ಸಿಕ್ಕಿಸಿಕೊಂಡು ಬೀದಿಯಲ್ಲೇ ಕೂತೆ. ಕೆಂಪು ತುಂಬುವ ಕೆಲಸ ನನ್ನದು. ಗಿಟಾರಿನವನೂ ಬಂದ, ಅವನು ರೀನಾಳ ಅಣ್ಣನಂತೆ, ಬಿಸಿಲಿಗೆ ನನ್ನ ತಲೆಯ ಮೇಲೆ ಕೊಡೆ ಹಿಡಿದು ನಿಂತ. ಮಾರಮ್ಮನ ಕಣ್ಣು ಇಷ್ಟು ಸಾಧುವಾಗಿರುವುದಿಲ್ಲ ಎಂದು ನಾನು, ಇದು ನನ್ನ ಮಾರಮ್ಮ ಎಂದು ಭವ್ಯ. ಜಗಳಾಡುತ್ತಲೇ ಬಳಿದೆವು. ಭಾನುವಾರ ಯಜಮಾನರ ಫೋನು ಬಂದಾಗ ಮೊಣಕೈ ತನಕ ಬಣ್ಣ. "ಏನಂದೆ? ಕರ್ಕೊಂಡು ಬತ್ತಿದ್ದೀಯಾ?" ಎಂದರು. "ಅವಳೂ ಬರಲ್ಲ, ನಾನೂ ಸೋಮವಾರದ ತನಕ ಬರಲ್ಲ. ಕೆಲಸ ಅದೆ," ಎಂದು ಇಟ್ಟುಬಿಟ್ಟೆ. ಹೀಗೆ ಮಾತು ಕತ್ತರಿಸಿದ್ದಕ್ಕೂ ದೇವರಲ್ಲಿ ಕ್ಷಮೆ ಕೇಳಿದ್ದೇನೆ.

ಸೋಮವಾರ ಮಾರ್ಕ್ಸ್ ಬಂತು, ಪಾಸಾಗುವಷ್ಟು. ಮೊದಲಿನದಕ್ಕಾದರೆ ಇನ್ನೂ ಬರುತ್ತಿತ್ತಂತೆ. ಅದನ್ನು ಭವ್ಯ ಹೇಳಲಿಲ್ಲ, ಅಜ್ಜಿ ಹೇಳಿದರು.

ಮನೆಗೆ ಬಂದ ಮೇಲೆ ಯಜಮಾನರು ಊಟದ ತಟ್ಟೆ ಮುಂದಿಟ್ಟುಕೊಂಡು ಗಂಭೀರವಾಗಿ ಕೇಳಿದರು: "ನಿಜ ಹೇಳು. ಅಂಥ ಊರಲ್ಲಿ ಒಬ್ಬಳೇ ಬುಟ್ಟಿರಬೌದಾ? ಮಗೀಗೆ ಏನೂ ತೊಂದರೆ ಆಗಲ್ವಾ?"

ನಾನು ಅವರ ತಟ್ಟೆಗೆ ಸಾರು ಬಡಿಸಿದೆ. "ಏನೂ ಆಗಲ್ಲ. ನಾನು ಪದೇ ಪದೇ ಹೋಗದಿದ್ದರೆ ಸಾಕು," ಎಂದು, ಬೆಳಿಗ್ಗೆಯ ಇಡ್ಲಿಗೆ ನೆನೆಹಾಕಿದ್ದ ಉದ್ದಿನಬೇಳೆ ರುಬ್ಬಲು ಎದ್ದೆ.